ಒಡವೆಯ ಮೇಲಿನ ಆರು ಅಕ್ಷರ: ಲೋಹವನ್ನು ಆವಿಯಾಗಿಸುವ ಲೇಸರ್ ಮಿಡಿತ

ಬಳೆಯ ಒಳಮೈಯಲ್ಲೋ ಉಂಗುರದ ಹಿಂಬದಿಯಲ್ಲೋ ಭೂತಗನ್ನಡಿ ಹಿಡಿದು ಹುಡುಕಿದರಷ್ಟೇ ಕಾಣುವ ಪುಟ್ಟ ಬರಹವೊಂದಿರುತ್ತದೆ. ಭಾರತೀಯ ಮಾನಕ ಬ್ಯೂರೋದ ತ್ರಿಕೋನ ಲಾಂಛನ, 916 ಎಂಬ ಶುದ್ಧತೆಯ ಗುರುತು, ಅದರ ಪಕ್ಕದಲ್ಲಿ ಅಕ್ಷರ ಮತ್ತು ಅಂಕಿಗಳು ಬೆರೆತ ಆರು ಚಿಹ್ನೆಗಳು. ಎಚ್‌ಯುಐಡಿ ಎಂದು ಕರೆಯಲಾಗುವ ಈ ಸಂಖ್ಯೆ ಜಾರಿಗೆ ಬಂದದ್ದು 2021ರ ಜುಲೈ 1ರಂದು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗಳ ಮಾರಾಟಕ್ಕೆ ಅದು ಕಡ್ಡಾಯವಾಯಿತು. ಒಂದು ಒಡವೆಯ ಸಂಖ್ಯೆ ಮತ್ತೊಂದಕ್ಕಿಲ್ಲ.

ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿ ಈ ಬರಹವನ್ನು ಮೂಡಿಸುವುದು ಸಾಮಾನ್ಯವಾಗಿ ಲೇಸರ್ ಯಂತ್ರ. ಶಾಯಿ ಇಲ್ಲ, ಅಚ್ಚಿನ ಪೆಟ್ಟಿಲ್ಲ, ಉಳಿ ಒಡವೆಯನ್ನು ಮುಟ್ಟುವುದೂ ಇಲ್ಲ. ಚರಚರ ಎಂಬ ಸದ್ದು, ಒಂದಿಷ್ಟು ಕಿಡಿಬೆಳಕು; ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿದಿರುತ್ತದೆ. ಕೈಗೆತ್ತಿಕೊಂಡರೆ ಬಳೆ ಬಿಸಿಯಾಗಿರುವುದೂ ಇಲ್ಲ. ಅಕ್ಷರವಿರುವ ಜಾಗದಲ್ಲಿ ಮೊದಲಿದ್ದ ಚಿನ್ನ ಎಲ್ಲಿಗೆ ಹೋಯಿತು ಎಂಬ ಅನುಮಾನ ಗ್ರಾಹಕರಿಗೆ ಬಾರದಿರದು. ಆವಿಯಾಯಿತು ಎನ್ನುವುದು ವಾಡಿಕೆಯ ಉತ್ತರ. ಅದು ಅರ್ಧ ಸತ್ಯ ಮಾತ್ರ.

ಚಿನ್ನ ಕರಗಲು 1,064 ಡಿಗ್ರಿ ಸೆಲ್ಸಿಯಸ್ ತಾಪ ಬೇಕು. ಕುದಿದು ಆವಿಯಾಗಲು 2,800 ಡಿಗ್ರಿಗೂ ಮಿಗಿಲಾದ ತಾಪ ಬೇಕು. ಅಕ್ಕಸಾಲಿಗನ ಕುಲುಮೆಯಲ್ಲಿ ಚಿನ್ನ ಕರಗುತ್ತದೆಯೇ ಹೊರತು ಕುದಿಯುವುದಿಲ್ಲ. ಹೀಗಿರುವಾಗ ಮೇಜಿನ ಮೇಲೆ ಕೂರುವ, ಸರಾಸರಿ 20 ವ್ಯಾಟ್‌ನಷ್ಟು ಬೆಳಕನ್ನು ಮಾತ್ರ ಹೊಮ್ಮಿಸುವ ಯಂತ್ರವೊಂದು ಕುಲುಮೆಗೆ ಸಾಧ್ಯವಾಗದ್ದನ್ನು ಸಾಧಿಸುವುದಾದರೂ ಹೇಗೆ? ಇದರ ಗುಟ್ಟು ಇರುವುದು ಬೆಳಕಿನ ಪ್ರಮಾಣದಲ್ಲಿ ಅಲ್ಲ, ಅದನ್ನು ಎಷ್ಟು ಕಡಿಮೆ ಅವಧಿಯಲ್ಲಿ ಸುರಿಯಲಾಗುತ್ತದೆ ಎಂಬುದರಲ್ಲಿ.

ಒಂದು ಸೆಕೆಂಡ್ ದುಡಿಮೆ, ಎಂಟು ನಿಮಿಷ ವಿಶ್ರಾಂತಿ

ಗುರುತು ಕೊರೆಯುವ ಯಂತ್ರಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಫೈಬರ್ ಲೇಸರ್. ಅದರ ಬೆಳಕು ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ಮಿಡಿತ ಮಿಡಿತವಾಗಿ, ಎಂದರೆ ಪಲ್ಸ್‌ಗಳಾಗಿ ಬರುತ್ತದೆ. 20 ವ್ಯಾಟ್‌ನ ಯಂತ್ರವೊಂದು ಸೆಕೆಂಡಿಗೆ 20 ಸಾವಿರ ಮಿಡಿತಗಳನ್ನು ಹೊಮ್ಮಿಸುತ್ತದೆ ಎಂದಿಟ್ಟುಕೊಂಡರೆ ಪ್ರತಿ ಮಿಡಿತದ ಪಾಲಿಗೆ ಬರುವುದು ಒಂದು ಮಿಲಿಜೂಲ್ ಶಕ್ತಿ. ಒಂದು ಗ್ರಾಂ ತೂಕದ ವಸ್ತುವನ್ನು ಹತ್ತು ಸೆಂಟಿಮೀಟರ್ ಮೇಲೆತ್ತಲು ಬೇಕಾಗುವಷ್ಟು ಶಕ್ತಿಯದು. ಹೇಳಿಕೊಳ್ಳುವಂಥದ್ದೇನಲ್ಲ.

ಆದರೆ ಆ ಮಿಡಿತದ ಆಯುಷ್ಯ ಸುಮಾರು 100 ನ್ಯಾನೊಸೆಕೆಂಡ್. ಒಂದು ಸೆಕೆಂಡನ್ನು ಒಂದು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು ಆ ಅವಧಿಯಲ್ಲಿ ಕ್ರಮಿಸುವುದು 30 ಮೀಟರ್ ಮಾತ್ರ. ಒಂದು ಮಿಲಿಜೂಲ್ ಅಷ್ಟು ಕಿರಿದಾದ ಕಾಲದೊಳಗೆ ಸುರಿದಾಗ ಆ ಕ್ಷಣದ ಸಾಮರ್ಥ್ಯ ಹತ್ತು ಕಿಲೋವ್ಯಾಟ್‌ಗೆ ಏರುತ್ತದೆ. ನಂತರ ದೀರ್ಘ ವಿರಾಮ. ಒಂದು ಮಿಡಿತವನ್ನು ಒಂದು ಸೆಕೆಂಡಿಗೆ ಹಿಗ್ಗಿಸಿ ಊಹಿಸಿಕೊಂಡರೆ ಮುಂದಿನ ಮಿಡಿತಕ್ಕೆ ಎಂಟು ನಿಮಿಷಕ್ಕೂ ಹೆಚ್ಚು ಕಾಲ ಕಾಯಬೇಕು.

ಕಾಲವನ್ನು ಕುಗ್ಗಿಸಿದಂತೆಯೇ ಜಾಗವನ್ನೂ ಕುಗ್ಗಿಸಲಾಗುತ್ತದೆ. ಮಸೂರವು ಕಿರಣವನ್ನು 50 ಮೈಕ್ರಾನ್ ಅಗಲದ, ತಲೆಗೂದಲಿಗಿಂತ ಸಣ್ಣದಾದ ಬಿಂದುವಿಗೆ ಇಳಿಸುತ್ತದೆ. ಆಗ ಅಲ್ಲಿ ಬೀಳುವ ಬೆಳಕಿನ ತೀವ್ರತೆ ಚದರ ಸೆಂಟಿಮೀಟರಿಗೆ ಸುಮಾರು 50 ಕೋಟಿ ವ್ಯಾಟ್. ನಡುಮಧ್ಯಾಹ್ನದ ಬಿಸಿಲಿನಲ್ಲಿ ಅಷ್ಟೇ ಜಾಗದ ಮೇಲೆ ಬೀಳುವುದು ಒಂದು ವ್ಯಾಟ್‌ನ ಹತ್ತನೆಯ ಒಂದು ಪಾಲು. ಬಿಸಿಲಿಗಿಂತ 500 ಕೋಟಿ ಪಟ್ಟು ಪ್ರಖರವಾದ ಈ ಬೆಳಕು ಬಂದು ಹೋದದ್ದು ಬಳೆಯ ಉಳಿದ ಭಾಗಕ್ಕೆ ತಿಳಿಯುವುದೇ ಇಲ್ಲ.

ಕನ್ನಡಿಯ ಮೇಲೆ ಬಿದ್ದ ಬೆಳಕು

ಲೋಹಗಳು ಸುಲಭಕ್ಕೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಫೈಬರ್ ಲೇಸರಿನ ಬೆಳಕು ಕಣ್ಣಿಗೆ ಕಾಣದ ಅವಗೆಂಪು ಬಣ್ಣದ್ದು. ಅದರ ತರಂಗಾಂತರ ಸಾಮಾನ್ಯವಾಗಿ 1,064 ನ್ಯಾನೊಮೀಟರ್. ಚಿನ್ನ ಕರಗುವ ಡಿಗ್ರಿಯೂ ಅದೇ ಅಂಕಿಯಾಗಿರುವುದು ಕೇವಲ ಕಾಕತಾಳೀಯ. ಈ ಬೆಳಕಿಗೆ ನಯವಾದ ಚಿನ್ನ ಅಪ್ಪಟ ಕನ್ನಡಿ. ನೂರು ಪಾಲು ಬಿದ್ದರೆ ಸುಮಾರು 98 ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಕಬ್ಬಿಣ ಅಷ್ಟು ಜಿಪುಣನಲ್ಲ, ಮೂರನೆಯ ಒಂದು ಪಾಲಿನಷ್ಟನ್ನು ಹೀರಿಕೊಳ್ಳುತ್ತದೆ. ತಾಮ್ರವೂ ಚಿನ್ನದ ಜಾತಿಯದೇ. ಹೀಗಾಗಿಯೇ ವಿದ್ಯುತ್ ವಾಹನಗಳ ಬ್ಯಾಟರಿಯಲ್ಲಿನ ತಾಮ್ರದ ಪಟ್ಟಿಗಳನ್ನು ಬೆಸೆಯಲು ತಾಮ್ರ ಹೆಚ್ಚು ಹೀರಿಕೊಳ್ಳುವ ಹಸಿರು ಅಥವಾ ನೀಲಿ ಲೇಸರ್‌ಗಳ ಮೊರೆ ಹೋಗುವುದುಂಟು.

ಒಳಗೆ ನುಸುಳಿದ ಎರಡು ಪಾಲು ಬೆಳಕಾದರೂ ಹೆಚ್ಚು ಆಳಕ್ಕೆ ಇಳಿಯದು. ಹತ್ತಿಪ್ಪತ್ತು ನ್ಯಾನೊಮೀಟರ್, ಎಂದರೆ ಕೆಲವು ಡಜನ್ ಪರಮಾಣು ಪದರಗಳನ್ನು ದಾಟುವಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಅದನ್ನು ಹೀರುವುದು ಲೋಹದೊಳಗೆ ಬಂಧನವಿಲ್ಲದೆ ಅಲೆದಾಡುವ ಇಲೆಕ್ಟ್ರಾನುಗಳು. ಅವು ಮೊದಲು ಕಾದು, ಆ ಕಾವನ್ನು ಪರಮಾಣುಗಳಿಗೆ ದಾಟಿಸುತ್ತವೆ. ಈ ಹಸ್ತಾಂತರಕ್ಕೆ ಹಿಡಿಯುವುದು ಕೆಲವೇ ಪೈಕೊಸೆಕೆಂಡ್. ನ್ಯಾನೊಸೆಕೆಂಡಿನ ಸಾವಿರದೊಂದು ಭಾಗಕ್ಕೆ ಪೈಕೊಸೆಕೆಂಡ್ ಎನ್ನುತ್ತಾರೆ. ಈ ಸಂಗತಿ ಮುಂದೆ ಮತ್ತೊಮ್ಮೆ ಬರಲಿರುವುದರಿಂದ ನೆನಪಿನಲ್ಲಿರಲಿ.

ಪರಮಾಣುಗಳಿಗೆ ಬಂದ ಶಾಖ ಅಲ್ಲಿಂದ ಒಳಗೆ ಹರಿಯತೊಡಗುತ್ತದೆ. ದೋಸೆಯ ಕಾವಲಿಯನ್ನು ಬೆರಳ ತುದಿಯಿಂದ ತಟ್ಟನೆ ತಾಕಿ ತೆಗೆದರೆ ಚರ್ಮದ ಮೇಲ್ಪದರಕ್ಕಷ್ಟೇ ಬಿಸಿ, ಇಟ್ಟುಕೊಂಡರೆ ಬೊಬ್ಬೆ. ಲೋಹದಲ್ಲೂ ಲೆಕ್ಕ ಹಾಗೆಯೇ. 100 ನ್ಯಾನೊಸೆಕೆಂಡಿನಲ್ಲಿ ಶಾಖ ಚಿನ್ನದೊಳಗೆ ಇಳಿಯುವುದು ಸುಮಾರು ಮೂರೂವರೆ ಮೈಕ್ರಾನ್. ಶಾಖವನ್ನು ನಿಧಾನವಾಗಿ ಸಾಗಿಸುವ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅರ್ಧ ಮೈಕ್ರಾನಿಗಿಂತ ತುಸು ಹೆಚ್ಚು. ಇಲ್ಲಿ ಕೆಲಸ ಮಾಡುವುದು ವರ್ಗಮೂಲದ ನಿಯಮ. ಕಾಲವನ್ನು ನೂರು ಪಟ್ಟು ಕಡಿಮೆ ಮಾಡಿದರೆ ಶಾಖ ಹರಡುವ ದೂರ ಹತ್ತು ಪಟ್ಟು ಕಡಿಮೆಯಾಗುತ್ತದೆ. ಮಿಡಿತ ಚಿಕ್ಕದಾದಷ್ಟೂ ಕಾಯಬೇಕಾದ ಲೋಹದ ಪದರ ತೆಳುವಾಗುತ್ತದೆ, ಆ ತೆಳು ಪದರ ಏರುವ ತಾಪ ಹೆಚ್ಚುತ್ತದೆ.

ಲೆಕ್ಕವೊಂದನ್ನು ಹಾಕಿ ನೋಡಬಹುದು. ಒಂದು ಮಿಲಿಜೂಲ್‌ನಲ್ಲಿ ಚಿನ್ನ ಹೀರುವ ಶೇಕಡಾ 2ರಷ್ಟು ಶಕ್ತಿಯನ್ನು 50 ಮೈಕ್ರಾನ್ ಅಗಲ, ಮೂರೂವರೆ ಮೈಕ್ರಾನ್ ಆಳದ ಬಿಲ್ಲೆಗೆ ಹಂಚಿದರೆ ತಾಪ ಏರುವುದು ಸುಮಾರು 1,100 ಡಿಗ್ರಿ. ಕರಗುವ ಬಿಂದುವಿನ ಹೊಸ್ತಿಲು ಅದು. ಕುದಿಬಿಂದು ಇನ್ನೂ ಬಹಳ ದೂರ. ಆದರೆ ಹೊಸ್ತಿಲು ದಾಟಿದ ಮೇಲೆ ಆಟವೇ ಬದಲಾಗುತ್ತದೆ. ಕಾದ ಲೋಹ, ಅದಕ್ಕಿಂತ ಮಿಗಿಲಾಗಿ ಕರಗಿದ ಲೋಹ, ಬೆಳಕನ್ನು ಹೆಚ್ಚು ಹೀರುತ್ತದೆ. ಹೆಚ್ಚು ಹೀರಿದ್ದರಿಂದ ಇನ್ನಷ್ಟು ಕಾಯುತ್ತದೆ. ಮೊದಲ ಮಿಡಿತಗಳು ಒರಟಾಗಿಸಿದ ಮೈ ಮುಂದಿನವುಗಳಿಗೆ ಕನ್ನಡಿಯಾಗಿ ಉಳಿಯುವುದಿಲ್ಲ. ಅಲ್ಲದೆ ಒಡವೆಯ 22 ಕ್ಯಾರೆಟ್ ಚಿನ್ನದಲ್ಲಿ ಬೆರೆತಿರುವ ತಾಮ್ರ, ಬೆಳ್ಳಿಗಳಿಂದಾಗಿ ಶಾಖ ಒಳಗೆ ಸೋರಿಹೋಗುವ ವೇಗವೂ ಅಪರಂಜಿಗಿಂತ ಕಡಿಮೆ. ಇವೆಲ್ಲ ಸೇರಿ ಚಿನ್ನದ ಪ್ರತಿರೋಧವನ್ನು ಮುರಿಯುತ್ತವೆ.

ಕುದಿತಕ್ಕಿಂತ ಸಿಡಿತವೇ ಹೆಚ್ಚು

ಲೋಹವನ್ನು ಕಾಯಿಸುವುದಕ್ಕಿಂತ ಆವಿಯಾಗಿಸುವುದು ದುಬಾರಿ. ಒಂದು ಗ್ರಾಂ ಚಿನ್ನವನ್ನು ಕಾಯಿಸಿ, ಕರಗಿಸಿ, ಕುದಿಬಿಂದುವಿಗೆ ಒಯ್ಯಲು ಸುಮಾರು 430 ಜೂಲ್ ಸಾಕು. ಕುದಿಬಿಂದುವಿನಲ್ಲಿರುವ ದ್ರವವನ್ನು ಪೂರ್ತಿ ಆವಿಯಾಗಿಸಲು ಮತ್ತೆ 1,700 ಜೂಲ್ ಬೇಕು. ಕಬ್ಬಿಣದಲ್ಲಿ ಈ ಎರಡನೆಯ ಖರ್ಚೇ ಗ್ರಾಂಗೆ ಆರು ಸಾವಿರ ಜೂಲ್ ದಾಟುತ್ತದೆ.

ಆದ್ದರಿಂದ ನಡೆಯುವುದು ಹೀಗೆ: ಮೇಲ್ಮೈಯ ತೀರ ತೆಳುವಾದ ಪದರ ಆವಿಯಾಗಿ ರಭಸದಿಂದ ಮೇಲಕ್ಕೆ ಚಿಮ್ಮುತ್ತದೆ. ಚಿಮ್ಮುವಾಗ ಕೆಳಗಿರುವ ಕರಗಿದ ಲೋಹವನ್ನು ಬಲವಾಗಿ ಒದೆಯುತ್ತದೆ, ಬಂದೂಕು ಹಾರಿಸಿದವನ ಹೆಗಲಿಗೆ ಬೀಳುವ ಒದೆತದಂತೆ. ಆ ಒತ್ತಡಕ್ಕೆ ಸಿಕ್ಕ ದ್ರವ ಕುಳಿಯ ಅಂಚಿಗೆ ಸರಿದು ಅಲ್ಲೇ ಗಟ್ಟಿಯಾಗುತ್ತದೆ, ಇಲ್ಲವೇ ಹನಿಗಳಾಗಿ ಸಿಡಿದುಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಲೇಸರ್ ಗುರುತಿನ ಎರಡೂ ಬದಿಯಲ್ಲಿ ಉಳುಮೆಯ ಸಾಲಿನ ಮಗ್ಗುಲ ಮಣ್ಣಿನಂತೆ ಏರಿದ ದಿಣ್ಣೆ ಕಾಣುವುದು ಇದರಿಂದಲೇ. ಅಕ್ಷರದ ಜಾಗದಲ್ಲಿದ್ದ ಚಿನ್ನದ ಒಂದಂಶ ಮಾತ್ರ ಆವಿಯಾಗಿದೆ. ಒಂದಂಶ ಹನಿಯಾಗಿ ಹಾರಿದೆ, ಇನ್ನೊಂದಂಶ ಒಡವೆಯನ್ನು ಬಿಟ್ಟು ಹೋಗಿಯೇ ಇಲ್ಲ.

ಇನ್ನೂ ತೀವ್ರವಾದ ಮಿಡಿತ ಬಿದ್ದರೆ ಮತ್ತೊಂದು ಬಗೆಯ ಸ್ಫೋಟ ಸಂಭವಿಸುತ್ತದೆ. ಕಾದ ಎಣ್ಣೆಗೆ ಬಿದ್ದ ನೀರಿನ ಹನಿ ಒಂದು ಗಳಿಗೆ ಸುಮ್ಮನಿದ್ದು ಬಳಿಕ ಚಟಾರನೆ ಸಿಡಿಯುವುದನ್ನು ಒಗ್ಗರಣೆ ಹಾಕುವವರೆಲ್ಲ ಬಲ್ಲರು. ಗುಳ್ಳೆ ಏಳಲು ಪುರುಸೊತ್ತಿಲ್ಲದಂತೆ ಕುದಿಬಿಂದುವನ್ನು ಮೀರಿ ಕಾದ ಲೋಹದ್ರವವೂ ಇದೇ ರೀತಿ ಒಮ್ಮೆಲೇ ಆವಿ ಮತ್ತು ಹನಿಗಳಾಗಿ ಸಿಡಿಯುತ್ತದೆ.

ಹಾಗೆಂದು ಶಕ್ತಿ ಹೆಚ್ಚಿಸುತ್ತಾ ಹೋದರೆ ಕುಳಿಯೂ ಅದೇ ಪ್ರಮಾಣದಲ್ಲಿ ಆಳವಾಗುವುದಿಲ್ಲ. ಮೇಲೆದ್ದ ಆವಿ ಅದೇ ಮಿಡಿತದ ಬಾಲದ ಭಾಗವನ್ನು ಹೀರಿಕೊಂಡು, ಹತ್ತು ಸಾವಿರ ಡಿಗ್ರಿಗೂ ಮೀರಿ ಕಾದು, ಪ್ಲಾಸ್ಮಾ ಆಗುತ್ತದೆ. ಸೂರ್ಯನ ಮೇಲ್ಮೈಯ ತಾಪ ಸುಮಾರು 5,500 ಡಿಗ್ರಿ ಎಂಬುದನ್ನು ಇಲ್ಲಿ ನೆನೆಯಬಹುದು. ಈ ಪ್ಲಾಸ್ಮಾ ಕೆಳಗಿನ ಲೋಹಕ್ಕೆ ಕೊಡೆ ಹಿಡಿದಂತೆ. ನಂತರ ಬರುವ ಬೆಳಕು ಲೋಹವನ್ನು ತಲುಪದು. ಯಂತ್ರದ ಸಾಮರ್ಥ್ಯ ದುಪ್ಪಟ್ಟಾದರೆ ಕೆಲಸವೂ ದುಪ್ಪಟ್ಟು ಎಂದು ನಂಬಿ ಖರೀದಿಸಿದವರಿಗೆ ನಿರಾಸೆಯಾಗುವುದು ಈ ಕೊಡೆಯಿಂದ.

ಗ್ರಾಹಕರ ಪ್ರಶ್ನೆಗೆ ಮರಳುವುದಾದರೆ, ಬರಹದ ಗೆರೆಗಳ ಒಟ್ಟು ಉದ್ದ 15 ಮಿಲಿಮೀಟರ್, ಅಗಲ 50 ಮೈಕ್ರಾನ್, ಆಳ 10 ಮೈಕ್ರಾನ್ ಎಂದು ಧಾರಾಳವಾಗಿ ಅಂದಾಜಿಸಿದರೂ ಕೊರೆದುಹೋಗುವ 22 ಕ್ಯಾರೆಟ್ ಚಿನ್ನದ ತೂಕ ಸುಮಾರು 0.13 ಮಿಲಿಗ್ರಾಂ. ಗ್ರಾಂಗೆ ಹತ್ತು ಸಾವಿರ ರೂಪಾಯಿಯಂತೆ ಹಿಡಿದರೆ ಒಂದು ರೂಪಾಯಿ ಮೂವತ್ತು ಪೈಸೆ. ಒಡವೆಗೆ ಹೊಳಪು ಕೊಡುವಾಗ ಸವೆಯುವುದೇ ಇದಕ್ಕಿಂತ ಹೆಚ್ಚಿದ್ದೀತು.

ಶಾಖಕ್ಕೆ ಹರಡಲು ಬಿಡುವಿಲ್ಲದಂತೆ

ಚಿನ್ನದ ಬಳೆಯಲ್ಲಿ ಅಂಚಿನ ದಿಣ್ಣೆ ಯಾರಿಗೂ ತೊಂದರೆ ಕೊಡದು. ವಿಮಾನದ ಎಂಜಿನ್ನಿನಲ್ಲಿ ಹಾಗಲ್ಲ. ಜೆಟ್ ಎಂಜಿನ್ನಿನ ಟರ್ಬೈನ್ ಅಲಗುಗಳ ಮೇಲೆ ಹಾಯುವ ಅನಿಲದ ತಾಪ, ಆ ಅಲಗು ಮಾಡಿದ ನಿಕಲ್ ಮಿಶ್ರಲೋಹ ಕರಗುವ ತಾಪಕ್ಕಿಂತಲೂ ಹೆಚ್ಚು. ಅಲಗಿನಲ್ಲಿ ಕೊರೆದ ಸಣ್ಣ ಸಣ್ಣ ರಂಧ್ರಗಳಿಂದ ಹೊರಬರುವ ತಂಪು ಗಾಳಿಯ ಪರದೆಯೇ ಅದನ್ನು ಕಾಪಾಡುವುದು. ಇಂಥ ರಂಧ್ರಗಳನ್ನು ಬಹುಕಾಲದಿಂದ ಮಿಲಿಸೆಕೆಂಡ್ ಅವಧಿಯ ಲೇಸರ್ ಮಿಡಿತಗಳಿಂದ ಕೊರೆಯಲಾಗುತ್ತಿದೆ. ಮಿಲಿಸೆಕೆಂಡ್ ಎಂದರೆ ಶಾಖದ ಪಾಲಿಗೆ ಯಥೇಚ್ಛ ಸಮಯ. ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ರಂಧ್ರದ ಒಳಗೋಡೆಯ ಮೇಲೆ ಕರಗಿ ಮತ್ತೆ ಹೆಪ್ಪುಗಟ್ಟಿದ ಪದರವೊಂದು ಉಳಿಯುತ್ತದೆ. ಅದರಲ್ಲಿ ಕೂದಲೆಳೆಗಿಂತ ಸಣ್ಣ ಬಿರುಕುಗಳಿರಬಹುದು. ಮತ್ತೆ ಮತ್ತೆ ಕಾದು ತಣಿಯುವ ಅಲಗಿನಲ್ಲಿ ಅಂಥ ಬಿರುಕು ಬೆಳೆಯುತ್ತಾ ಹೋದರೆ ಪರಿಣಾಮ ಏನೆಂಬುದನ್ನು ವಿವರಿಸಬೇಕಿಲ್ಲ. ಹೃದಯದ ರಕ್ತನಾಳದೊಳಗೆ ಕೂರಿಸುವ ಸ್ಟೆಂಟ್‌ನದೂ ಇದೇ ಚಿಂತೆ. ಲೇಸರಿನಿಂದ ಕತ್ತರಿಸಿದ ಅದರ ಲೋಹದ ಎಳೆಗಳ ದಪ್ಪವೇ ನೂರು ಮೈಕ್ರಾನಿನ ಒಳಗೆ. ಅಂಚಿಗೆ ಅಂಟಿದ ಹನಿಗಳನ್ನು ಆಮೇಲೆ ಆಮ್ಲ ಮತ್ತು ವಿದ್ಯುತ್ತಿನ ಸಹಾಯದಿಂದ ನಯಗೊಳಿಸಬೇಕಾಗುತ್ತದೆ.

ಪರಿಹಾರ ಮತ್ತೆ ಕಾಲದಲ್ಲೇ ಇದೆ. ಇಲೆಕ್ಟ್ರಾನುಗಳು ತಮ್ಮ ಕಾವನ್ನು ಪರಮಾಣುಗಳಿಗೆ ದಾಟಿಸಲು ಕೆಲವು ಪೈಕೊಸೆಕೆಂಡ್ ಬೇಕು ಎಂಬುದನ್ನು ಮೇಲೆ ಹೇಳಿದೆ. ಅದಕ್ಕೂ ಮೊದಲೇ ಮಿಡಿತ ಮುಗಿದುಹೋದರೆ? ಒಂದು ಪೈಕೊಸೆಕೆಂಡಿನ ಸಾವಿರದೊಂದು ಭಾಗ ಫೆಮ್ಟೊಸೆಕೆಂಡ್. 100 ಫೆಮ್ಟೊಸೆಕೆಂಡಿನ ಮಿಡಿತದಲ್ಲಿ ಬೆಳಕು ಮುಂದೆ ಸಾಗುವುದೇ 30 ಮೈಕ್ರಾನ್. ಇಷ್ಟರೊಳಗೆ ಇಲೆಕ್ಟ್ರಾನುಗಳು ಸಾವಿರಾರು ಡಿಗ್ರಿಗೆ ಏರಿದರೂ ಪರಮಾಣುಗಳು ಇನ್ನೂ ತಣ್ಣಗೇ ಇರುತ್ತವೆ. ಒಂದೇ ಲೋಹದಲ್ಲಿ ಎರಡು ತಾಪಮಾನ! ಸೋವಿಯತ್ ಭೌತವಿಜ್ಞಾನಿ ಸೆರ್ಗೆಯ್ ಅನಿಸಿಮೊವ್ ಮತ್ತು ಸಂಗಡಿಗರು 1974ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟಿದ್ದರು. ಬಳಿಕ ಶಕ್ತಿ ಪರಮಾಣುಗಳಿಗೆ ದಾಟಿದಾಗ ಹತ್ತಾರು ನ್ಯಾನೊಮೀಟರಿನ ಪದರವೊಂದು, ಅಕ್ಕಪಕ್ಕಕ್ಕೆ ಶಾಖ ಹರಡುವ ಮುನ್ನವೇ, ಎದ್ದು ಹೋಗುತ್ತದೆ. ಆವಿ ಏಳುವ ಹೊತ್ತಿಗೆ ಮಿಡಿತ ಮುಗಿದೇ ಹೋಗಿರುವುದರಿಂದ ಕೊಡೆ ಹಿಡಿಯುವ ಪ್ರಶ್ನೆಯೂ ಇಲ್ಲ.

ಜರ್ಮನಿಯ ಹ್ಯಾನೋವರ್ ಲೇಸರ್ ಕೇಂದ್ರದ ಬೋರಿಸ್ ಚಿಚ್ಕೊವ್ ಮತ್ತು ಸಹೋದ್ಯೋಗಿಗಳು 1996ರಲ್ಲಿ ಪ್ರಕಟಿಸಿದ ಚಿತ್ರಗಳು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವು. 100 ಮೈಕ್ರಾನ್ ದಪ್ಪದ ಉಕ್ಕಿನ ಹಾಳೆಯಲ್ಲಿ ನ್ಯಾನೊ, ಪೈಕೊ, ಫೆಮ್ಟೊಸೆಕೆಂಡ್ ಮಿಡಿತಗಳಿಂದ ರಂಧ್ರ ಕೊರೆಯಲಾಗಿತ್ತು. ನ್ಯಾನೊಸೆಕೆಂಡಿನ ರಂಧ್ರದ ಸುತ್ತ ಕರಗಿ ಉಕ್ಕಿದ ಲೋಹದ ಕಟ್ಟೆ. ಫೆಮ್ಟೊಸೆಕೆಂಡಿನದು ಅಚ್ಚುಕಟ್ಟಾದ ಅಂಚು. ಇಷ್ಟು ಕಿರಿದಾದ ಮಿಡಿತಗಳಿಗೆ ಬೇಕಾದ ಬಲವನ್ನು, ಲೇಸರಿನ ಒಡಲೇ ಸುಟ್ಟುಹೋಗದಂತೆ ತುಂಬುವ ವಿಧಾನವನ್ನು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಕಂಡುಕೊಂಡವರು ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ಡ್ ಮೊರೂ. ಮಿಡಿತವನ್ನು ಮೊದಲು ಎಳೆದು ಉದ್ದ ಮಾಡಿ, ಬಲ ತುಂಬಿ, ಕೊನೆಗೆ ಮತ್ತೆ ಕುಗ್ಗಿಸುವ ಈ ಉಪಾಯಕ್ಕಾಗಿ ಅವರಿಬ್ಬರು 2018ರ ಭೌತವಿಜ್ಞಾನ ನೊಬೆಲ್‌ನಲ್ಲಿ ಪಾಲು ಪಡೆದರು.

ಮಾರಾಟಗಾರರು ಇದನ್ನು 'ತಣ್ಣನೆಯ ಕೊರೆತ' ಎಂದು ಬಣ್ಣಿಸುವುದುಂಟು. ಇದನ್ನು ಪೂರ್ತಿ ನಂಬಬೇಕಿಲ್ಲ. ಒಂದೊಂದೇ ಮಿಡಿತಕ್ಕೆ ಆ ಮಾತು ಬಹುಮಟ್ಟಿಗೆ ಸರಿ. ಕೆಲಸ ಬೇಗ ಆಗಲೆಂದು ಸೆಕೆಂಡಿಗೆ ಲಕ್ಷಗಟ್ಟಲೆ ಮಿಡಿತಗಳನ್ನು ಒಂದೇ ಜಾಗಕ್ಕೆ ಸುರಿದರೆ ಪ್ರತಿ ಬಾರಿ ಉಳಿಯುವ ಚೂರುಪಾರು ಶಾಖ ಕೂಡುತ್ತಾ ಹೋಗಿ ಲೋಹ ಮತ್ತೆ ಕರಗುತ್ತದೆ. ಇನ್ನು ಕೆಲವು ಕೆಲಸಗಳಿಗೆ ಆವಿಯೇ ಬೇಡ. ಶಸ್ತ್ರಚಿಕಿತ್ಸೆಯ ಉಕ್ಕಿನ ಉಪಕರಣಗಳ ಮೇಲಿನ ಕಪ್ಪು ಗುರುತನ್ನು ಲೋಹವನ್ನು ಕೊರೆಯದೆ, ಮೇಲ್ಮೈಯನ್ನು ಹದವಾಗಿ ಕಾಯಿಸಿ, ಆಕ್ಸೈಡ್ ಪದರ ಬೆಳೆಸಿಯೇ ಮೂಡಿಸಲಾಗುತ್ತದೆ. ಕುಳಿ ಇದ್ದಲ್ಲಿ ಕೊಳೆ ನಿಲ್ಲುತ್ತದೆ, ತುಕ್ಕು ಹಿಡಿಯುತ್ತದೆ.

ಆವಿ ಹೇಳುವ ಗುಟ್ಟು

ಮೇಲೆದ್ದ ಪ್ಲಾಸ್ಮಾ ಕೊರೆಯುವವರಿಗೆ ಅಡ್ಡಿ, ಆದರೆ ಬೇರೊಂದು ವರ್ಗದವರಿಗೆ ಅದೇ ಬೇಕು. ದೀಪಾವಳಿಯ ಪಟಾಕಿಯಲ್ಲಿ ಬೇರಿಯಂ ಹಸಿರಾಗಿಯೂ ಸ್ಟ್ರಾನ್ಷಿಯಂ ಕೆಂಪಾಗಿಯೂ ಉರಿಯುವಂತೆ, ಕಾದ ಆವಿಯಲ್ಲಿನ ಪ್ರತಿ ಧಾತುವೂ ತನ್ನದೇ ಬಣ್ಣಗಳನ್ನು ಸೂಸುತ್ತದೆ. ಆ ಬೆಳಕಿನ ರೋಹಿತವನ್ನು ಓದಿದರೆ ಆವಿಯಾದದ್ದು ಏನೆಂದು ತಿಳಿಯುತ್ತದೆ. ಲಿಬ್ಸ್ ಎಂಬ ಹ್ರಸ್ವನಾಮದ ಈ ವಿಧಾನದಲ್ಲಿ ಮಿಶ್ರಲೋಹದ ಗುಜರಿಯನ್ನೂ ಬೇರ್ಪಡಿಸಬಹುದು, ಬಂಡೆಯನ್ನೂ ಪರೀಕ್ಷಿಸಬಹುದು. 2012ರಲ್ಲಿ ಮಂಗಳ ಗ್ರಹಕ್ಕಿಳಿದ ಅಮೆರಿಕದ ಕ್ಯೂರಿಯಾಸಿಟಿ ರೋವರ್, 5 ನ್ಯಾನೊಸೆಕೆಂಡಿನ ಮಿಡಿತಗಳಿಂದ ಏಳು ಮೀಟರ್ ದೂರದವರೆಗಿನ ಕಲ್ಲುಗಳನ್ನು ಹೀಗೆ ಪರೀಕ್ಷಿಸಬಲ್ಲ ಉಪಕರಣವನ್ನು ಹೊತ್ತೊಯ್ದಿತ್ತು.

ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರಿನಲ್ಲಿದ್ದ ಲಿಬ್ಸ್ ಉಪಕರಣ, ಅಲ್ಲಿನ ನೆಲದಲ್ಲಿ ಅಲ್ಯೂಮಿನಿಯಂ, ಕಬ್ಬಿಣ, ಕ್ಯಾಲ್ಸಿಯಂ, ಟೈಟಾನಿಯಂಗಳ ಜೊತೆಗೆ ಗಂಧಕವೂ ಇರುವುದನ್ನು ಪತ್ತೆ ಮಾಡಿತು. ಅದನ್ನು ರೂಪಿಸಿದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯ. ದೇಶದ ಮೊದಲ ಉಪಗ್ರಹ ಆರ್ಯಭಟ 1975ರಲ್ಲಿ ಸಿದ್ಧಗೊಂಡದ್ದೂ ಅದೇ ಪೀಣ್ಯದ ಶೆಡ್‌ಗಳಲ್ಲಿ.

ಕಣ್ಣು ಮತ್ತು ಉಸಿರು

ಚಂದ್ರನ ಮೇಲೆ ಲೇಸರಿನ ಸುತ್ತ ಜನರಿರಲಿಲ್ಲ. ಒಡವೆ ಬೀದಿಯ ಅಥವಾ ಕೈಗಾರಿಕಾ ಪ್ರದೇಶದ ಸಣ್ಣ ಕೋಣೆಯಲ್ಲಿ, ಯಂತ್ರದಿಂದ ಒಂದೂವರೆ ಅಡಿ ದೂರದಲ್ಲಿ, ದಿನವಿಡೀ ಒಬ್ಬರು ಕುಳಿತಿರುತ್ತಾರೆ. ಚಿನ್ನ ಹಿಂದಕ್ಕೆ ಎಸೆಯುವ ಆ 98 ಪಾಲು ಬೆಳಕು ಎಲ್ಲಾದರೂ ಹೋಗಲೇಬೇಕಷ್ಟೆ. ಬಳೆಯ ಬಾಗಿದ ಮೈ ಅದನ್ನು ದಿಕ್ಕುದಿಕ್ಕಿಗೆ ಚದುರಿಸುತ್ತದೆ. ಅವಗೆಂಪು ಬೆಳಕು ಕಣ್ಣಿಗೆ ಕಾಣದಿದ್ದರೂ ಕಣ್ಣಿನ ಮಸೂರ ಅದನ್ನು ಅಕ್ಷಿಪಟದ ಮೇಲೆ ಬಿಂದುವಾಗಿ ಕೂಡಿಸುತ್ತದೆ. ತೀವ್ರತೆ ಲಕ್ಷ ಪಟ್ಟಿನಷ್ಟು ಏರುತ್ತದೆ. ಈ ಬಗೆಯ ಒಂದು ಮಿಡಿತ ಕಣ್ಣನ್ನು ಹೊಗಬಹುದಾದ ಸುರಕ್ಷಿತ ಮಿತಿ ಮಿಲಿಜೂಲ್‌ನ ಸಾವಿರದೊಂದು ಪಾಲಿನ ಆಸುಪಾಸಿನಲ್ಲಿದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚದು, ಅಕ್ಷಿಪಟಕ್ಕೆ ನೋವೂ ತಿಳಿಯದು. ದೃಷ್ಟಿಯಲ್ಲೊಂದು ಕಲೆ ಉಳಿದಾಗಲೇ ಅರಿವಾಗುವುದು.

ಹೀಗಾಗಿ ಇಂಥ ಯಂತ್ರಗಳಿಗೆ ಮುಚ್ಚಿದ ಪೆಟ್ಟಿಗೆಯಿರಬೇಕು, ಬಾಗಿಲು ತೆರೆದೊಡನೆ ಕಿರಣ ತಾನಾಗಿ ನಿಲ್ಲಬೇಕು. ತೆರೆದ ಯಂತ್ರವಾದರೆ ಅದೇ ತರಂಗಾಂತರಕ್ಕೆಂದು ತಯಾರಾದ ಕನ್ನಡಕ ಬೇಕು. ಬಿಸಿಲಿಗೆ ಹಾಕುವ ಕಪ್ಪು ಕನ್ನಡಕ ಇಲ್ಲಿ ಪ್ರಯೋಜನಕ್ಕೆ ಬಾರದು.

ಆವಿಯ ಮಾತೂ ಹಾಗೆಯೇ. ಮೇಲೆದ್ದ ಲೋಹದ ಆವಿ ಗಾಳಿಯಲ್ಲಿ ತಣಿದು ನ್ಯಾನೊಮೀಟರ್ ಗಾತ್ರದ ಕಣಗಳಾಗುತ್ತದೆ, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲಷ್ಟು ನವಿರಾದ ಕಣಗಳು. ಸ್ಟೇನ್‌ಲೆಸ್ ಸ್ಟೀಲಾದರೆ ಅದರಲ್ಲಿ ಕ್ರೋಮಿಯಂ ಮತ್ತು ನಿಕಲ್ ಇರುತ್ತವೆ. ಹೆಚ್ಚು ಎಚ್ಚರ ಬೇಕಾದದ್ದು ಹಳೆಯ ಒಡವೆ ರಿಪೇರಿಗೆ ಬಂದಾಗ. ಒಂದು ಕಾಲಕ್ಕೆ ಕೆಡಿಎಂ ಎಂದು ಹೆಸರಾಗಿದ್ದ ಚಿನ್ನದಲ್ಲಿ ಬೆಸುಗೆಗೆ ಕ್ಯಾಡ್ಮಿಯಂ ಬೆರೆಸುತ್ತಿದ್ದರು. ಮೂತ್ರಪಿಂಡ ಮತ್ತು ಶ್ವಾಸಕೋಶಗಳಿಗೆ ಅದು ಹಾನಿಕರ ಎಂಬ ಕಾರಣಕ್ಕೇ ಆ ಪದ್ಧತಿಯನ್ನು ಕೈಬಿಡಲಾಯಿತು. ಆದರೆ ಅಜ್ಜಿಯ ಪೆಟ್ಟಿಗೆಯಲ್ಲಿರುವ ಸರದ ಕೊಂಡಿಗಳಲ್ಲಿ ಅದು ಇನ್ನೂ ಇದ್ದೀತು. ಚಿನ್ನ ಕರಗುವುದು 1,064 ಡಿಗ್ರಿಯಲ್ಲಿ, ಕ್ಯಾಡ್ಮಿಯಂ ಕುದಿಯುವುದು 767ರಲ್ಲಿ. ಲೇಸರ್ ಬೆಸುಗೆಯ ಮಿಡಿತ ಆ ಕೊಂಡಿಯ ಮೇಲೆ ಬಿದ್ದಾಗ ಚಿನ್ನ ಕರಗುವ ಮೊದಲೇ ಕ್ಯಾಡ್ಮಿಯಂ ಹೊಗೆಯಾಗಿ ಹೊರಡಬಲ್ಲದು. ಕೆಲಸ ಆರಂಭಿಸುವ ಮುನ್ನ ಹೊಗೆ ಹೀರುವ ಕೊಳವೆಯನ್ನು ಒಡವೆಯ ಹತ್ತಿರಕ್ಕೆ ತಂದು, ಫ್ಯಾನ್ ಓಡುತ್ತಿದೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ.